ಜಂಬಪ್ಪನ ಸಾಲು

ಮಕ್ತಲದ ಬಡಗಿಗಳ ಬಾಯಲ್ಲಿ ಒಂದು ಮಾತಿದೆ. ಹಲಗೆಯ ಮೇಲೆ ಹೆಸರು ಕೆತ್ತುವಾಗ ಯಾರಾದರೂ ಅಳತೆ ತಪ್ಪಿ ನಡುವೆ ಜಾಗ ಬಿಟ್ಟರೆ, ಪಕ್ಕದಲ್ಲಿ ಕೂತವನು ತುಟಿಯ ಬೀಡಿಯನ್ನೂ ತೆಗೆಯದೆ, ‘ಏನಪಾ, ಜಂಬಪ್ಪನ ಸಾಲು ಬಿಟ್ಟಿ?’ ಎನ್ನುತ್ತಾನೆ. ಜಂಬಪ್ಪ ಸತ್ತು ಹದಿನಾರು ವರ್ಷವಾಯಿತು. ಅವನು ಮಾಡಿದ ಬಾಗಿಲುಗಳಲ್ಲಿ ಎಷ್ಟೋ ಗೆದ್ದಲಿಗೆ ಹೋದವು. ಈ ಮಾತಿಗೆ ಮಾತ್ರ ಗೆದ್ದಲು ಹತ್ತಲಿಲ್ಲ.

ಅವನ ಮಗ ತಾಯಣ್ಣನಿಗೆ ಈಗ ಐವತ್ತೇಳು. ತಂದೆಯ ಕಸುಬನ್ನೇ ಹಿಡಿದವನು, ಆದರೆ ಅಪ್ಪ ನೆಟ್ಟ ಆಲದಮರವೆಂದು ನೇಣು ಹಾಕಿಕೊಳ್ಳುವ ಪೈಕಿ ಅಲ್ಲ. ಆ ಮಾತನ್ನು ಕೇಳಿ ಕೇಳಿ ಬೆಳೆದವನಾದ್ದರಿಂದ ಅಳತೆಯಲ್ಲಿ ಅವನಿಗೊಂದು ಹಟವೇ ಹುಟ್ಟಿತ್ತು. ಮದುವೆಯ ಮಣೆಗೆ ವಧೂವರರ ಹೆಸರಿರಲಿ, ನಾರಾಯಣಪೇಟೆಯ ನೇಕಾರರ ಮಗ್ಗಕ್ಕೆ ನಂಬರಿರಲಿ, ಬಾಗಿಲ ನೆತ್ತಿಗೆ ಮನೆಯ ಹೆಸರಿರಲಿ, ತೆಲುಗಾಗಲಿ ಕನ್ನಡವಾಗಲಿ, ಮೊದಲು ತಗಡಿನ ಪಟ್ಟಿಯಿಟ್ಟು ನಡುವಿನ ಜಾಗಗಳನ್ನೇ ಅಳೆಯುತ್ತಿದ್ದ. ಅಕ್ಷರ ಆಮೇಲೆ. ಅಕ್ಷರ ಯಾರು ಬೇಕಾದರೂ ಕೆತ್ತುತ್ತಾರೆ, ಜಾಗ ಬಿಡುವುದಕ್ಕೆ ವಿದ್ಯೆ ಬೇಕು ಎನ್ನುವುದು ಅವನ ಮಾತು. ಎಂಟೂರಿನಲ್ಲಿ ಅವನ ಕೈಗೆ ಹೆಸರಿತ್ತು. ಆ ಹೆಸರಿನಿಂದ ಅವನಿಗೆ ಕೊಂಚ ಸೊಕ್ಕೂ ಬಂದಿತ್ತು, ಸುಳ್ಳೇಕೆ ಹೇಳಬೇಕು.

ಜಂಬಪ್ಪನ ಸಾಲೆಂಬ ಆ ಮಾತು ಹುಟ್ಟಿದ್ದು ನಾರಾಯಣಪೇಟೆಯ ಒಂದು ಅರ್ಚಕರ ಮನೆಯ ತೊಟ್ಟಿಲಿನಿಂದ. ಸಾಗವಾನಿಯ ತೊಟ್ಟಿಲು. ಅದನ್ನು ಮಾಡಿದವನು ತಾಯಣ್ಣನ ಅಜ್ಜ. ಆ ಮನೆಯಲ್ಲಿ ಹನ್ನೆರಡನೆಯ ದಿನ ಯಾವ ಮಗುವನ್ನು ಅದರಲ್ಲಿ ಹಾಕಿ ಹೆಸರಿಟ್ಟರೂ, ಆ ಹೆಸರು ಮತ್ತು ಇಸವಿಯನ್ನು ತಲೆಕಡೆಯ ಹಲಗೆಯ ಮೇಲೆ ಕೆತ್ತಿಸುತ್ತಾರೆ. ಕಾಲಕಡೆಯ ಹಲಗೆಯ ಮೇಲೆ ಹೆಸರು ಬರಕೂಡದು. ಇನ್ನೊಂದು ಕಟ್ಟಳೆಯೂ ಇತ್ತು. ಇಸವಿಯನ್ನು ಮುಂಚೆಯೇ ಕೆತ್ತಬಹುದು, ಹೆಸರನ್ನು ಕೆತ್ತುವಂತಿಲ್ಲ. ಮಗುವಿನ ಕಿವಿಗೆ ಬೀಳುವ ಮೊದಲು ಹೆಸರು ಮರಕ್ಕೆ ತಿಳಿಯಬಾರದು ಎನ್ನುತ್ತಿದ್ದರು. ಹಾಗಾಗಿ ಬಡಗಿ ಮೊದಲೇ ಗೆರೆ ಎಳೆದು, ಇಸವಿ ಕೆತ್ತಿ, ಹನ್ನೆರಡನೆಯ ದಿನ ಉಳಿ ಕೊಡತಿ ಕಟ್ಟಿಕೊಂಡು ಮನೆಗೆ ಹೋಗಿ, ಎಲ್ಲರ ಮುಂದೆ ಹೆಸರು ಕೆತ್ತಿ ಊಟ ಮಾಡಿ ಬರುವುದು.

ಹಲಗೆಯ ಮೇಲೆ ಒಂಬತ್ತು ಸಾಲಿಗೆ ಜಾಗವಿತ್ತು. ಹೆಸರಿದ್ದುದು ಎಂಟು. ನಾಲ್ಕನೆಯ ಹೆಸರು ೧೯೭೧ರದು. ಆಮೇಲೆ ಒಂದು ಸಾಲು ಪೂರಾ ಖಾಲಿ. ಅದರ ಕೆಳಗೆ ‘ವೆಂಕಟೇಶ ೧೯೭೬’, ಅಲ್ಲಿಂದ ಮತ್ತೆ ಸಾಲುಗಳು ಒಂದಕ್ಕೊಂದು ಅಂಟಿ ಕೊನೆಗೆ ‘ಅಭಿರಾಮ ೨೦೦೩’. ಕೊನೆಯದೊಂದನ್ನು ಬಿಟ್ಟರೆ ೧೯೫೦ರ ಈಚೆಗಿನದೆಲ್ಲ ಜಂಬಪ್ಪನ ಕೈ. ಹೆಸರಿಡಲು ಬಂದ ನೆಂಟರೆಲ್ಲ ಆ ಖಾಲಿ ಸಾಲನ್ನು ನೋಡಿ ನಕ್ಕರು, ನಗೆ ಬಸ್ಸು ಹತ್ತಿ ಮಕ್ತಲಕ್ಕೂ ಬಂತು. ಕೇಳಿದವರಿಗೆಲ್ಲ ಜಂಬಪ್ಪ ಎಲೆಯಡಿಕೆ ಜಗಿಯುತ್ತ ಒಂದೇ ಉತ್ತರ ಕೊಡುತ್ತಿದ್ದ: ‘ಹೌದಪಾ, ಅವತ್ತು ಕಣ್ಣು ತಪ್ಪಿತು.’ ಅಭಿರಾಮನ ಹೆಸರು ಕೆತ್ತಿದವನು ತಾಯಣ್ಣ. ಆಗ ಜಂಬಪ್ಪನ ಕಣ್ಣು ಮಂಜಾಗಿತ್ತು. ಆ ಜಾಗದಲ್ಲಿ ಒಂದು ಬಳ್ಳಿಯನ್ನಾದರೂ ಬಿಡಿಸಿ ಮುಚ್ಚಿಬಿಡಲೇ ಎಂದು ಮಗ ಕೇಳಿದ್ದಕ್ಕೆ ತಂದೆ, ಇರಲಿ ಬಿಡು ಅಂದಿದ್ದ. ಮುದುಕನಿಗೆ ತನ್ನ ತಪ್ಪಿನ ಮೇಲೂ ಮೋಹ ಎಂದುಕೊಂಡು ತಾಯಣ್ಣ ಸುಮ್ಮನಾಗಿದ್ದ.

ಇಪ್ಪತ್ತೊಂದು ವರ್ಷದ ಮೇಲೆ, ಹೋದ ವರ್ಷ ಶ್ರಾವಣದಲ್ಲಿ, ತೊಟ್ಟಿಲು ಮತ್ತೆ ಅಂಗಡಿಗೆ ಬಂತು. ತಂದವನು ವೆಂಕಟೇಶ. ಈಗ ಅವನು ತಹಸೀಲು ಕಚೇರಿಯಲ್ಲಿ ಅಧಿಕಾರಿ, ಬೆಳಿಗ್ಗೆ ಮನೆದೇವರ ಪೂಜೆ, ಹತ್ತರ ಮೇಲೆ ಸರಕಾರದ್ದು. ಮಗಳು ಕೃಷ್ಣಪ್ರಿಯಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿ ನಾಲ್ಕು ದಿನವಾಗಿತ್ತು. ತೊಟ್ಟಿಲಿನ ಹಳೆ ಪಾಲಿಶ್ ತೆಗೆದು ಹೊಸದು ಬಳಿಯಬೇಕು, ಹನ್ನೆರಡನೆಯ ದಿನ ಹೆಸರು ಕೆತ್ತಬೇಕು. ಕೆಳಗೆ ಜಾಗವಿಲ್ಲವಾದ್ದರಿಂದ ಆ ಖಾಲಿ ಸಾಲಿನಲ್ಲೇ ಕೆತ್ತಿಬಿಡಿ ಎಂದ. ಇಸವಿಗಳ ಕ್ರಮ ತಪ್ಪುತ್ತದಲ್ಲ ಎಂದು ತಾಯಣ್ಣ ಅಂದಾಗ, ಕ್ರಮ ಯಾರು ನೋಡುತ್ತಾರೆ, ಹಲಗೆ ತುಂಬಿದ ಹಾಗೆ ಕಾಣಬೇಕು ಅಷ್ಟೆ ಎಂದ. ಹೊಸ ಹಲಗೆ ಜೋಡಿಸುವ ಮಾತಿಗೆ ಒಪ್ಪಲೇ ಇಲ್ಲ. ಹೊರಡುವಾಗ ಇನ್ನೊಂದು ಸುದ್ದಿ ಹೇಳಿದ. ಮಗಳ ಮಾವ ನರೇಂದ್ರ ಗದ್ವಾಲದಲ್ಲಿ ದೊಡ್ಡ ಮನೆ ಕಟ್ಟಿಸುತ್ತಿದ್ದಾರೆ, ಬಾಗಿಲು ಬಾಗಿಲಿಗೂ ಶ್ಲೋಕ ಕೆತ್ತಿಸುವ ಆಸೆಯಿದೆ, ಹೆಸರಿಡುವ ದಿನ ತಾಯಣ್ಣನ ಕೈ ನೋಡಿ ಕೆಲಸ ಕೊಡುವ ವಿಚಾರ ಮಾಡಿದ್ದಾರೆ.

ತಾಯಣ್ಣನಿಗೆ ಖುಷಿಯಾಯಿತು. ಗದ್ವಾಲದ ಬಾಗಿಲುಗಳಿಗಿಂತ ಹೆಚ್ಚಾಗಿ ಆ ಖಾಲಿ ಸಾಲಿಗೆ. ಅದೊಂದು ತುಂಬಿಬಿಟ್ಟರೆ ತೋರಿಸಿ ನಗಲು ಯಾರಿಗೂ ಏನೂ ಉಳಿಯುವುದಿಲ್ಲ. ತಂದೆಯ ತಪ್ಪನ್ನು ಮಗ ತಿದ್ದಿದ ಎಂದು ನಾಲ್ಕು ಜನ ಅನ್ನುತ್ತಾರೆ. ಆ ಮಾತು ಕೇಳಲು ಅವನು ನಲವತ್ತು ವರ್ಷ ಕಾದಿದ್ದ.

ಮಗು ಹುಟ್ಟಿದ ಆರನೆಯ ದಿನ ಅವನು ಪಾಲಿಶ್ ಕೆರೆಯಲು ಕೂತ. ಮೂರು ನಾಲ್ಕು ಪದರು ಇತ್ತು. ಖಾಲಿ ಸಾಲಿಗೆ ಬಂದಾಗ ಬಲತುದಿಯಲ್ಲಿ ಮರದ ಬಣ್ಣ ಬೇರೆ ಕಂಡಿತು. ಗಂಟಿರಬಹುದೆಂದು ಚಾಕುವಿನ ಮೊನೆ ಹಾಕಿದ. ಗಂಟಲ್ಲ, ಅರಗು. ಅರಗಿಗೆ ಸಾಗವಾನಿಯ ಪುಡಿ ಕಲಸಿ ಮರದ ಬಣ್ಣಕ್ಕೇ ತಂದು ತುಂಬಿದ್ದರು. ಸಣ್ಣ ಸಣ್ಣ ಚಕ್ಕೆಯಾಗಿ ಎದ್ದು ಬಂತು. ಕೆಳಗೆ ೧ ಕಂಡಿತು, ಆಮೇಲೆ ೯, ಆಮೇಲೆ ೭, ೪. ೪ರ ಕೆಳಗಿನ ಕುಣಿಕೆಯನ್ನು ಸ್ವಲ್ಪ ಎಡಕ್ಕೆ ವಾಲಿಸುವುದು ಜಂಬಪ್ಪನ ಕೈ, ಇನ್ಯಾರದೂ ಅಲ್ಲ. ಅಂಕಿಗಳ ಎಡಕ್ಕೆ ಹೆಸರು ಬರಬೇಕಾದ ಜಾಗದಲ್ಲಿ ಮೇಲೊಂದು ಕೆಳಗೊಂದು ಗೆರೆ ಎಳೆದಿತ್ತು. ಗೆರೆಗಳ ನಡುವೆ ಏನೂ ಇರಲಿಲ್ಲ.

ತಾಯಣ್ಣ ಚಾಕು ಕೆಳಗಿಟ್ಟ. ಲೆಕ್ಕ ಕಷ್ಟದ್ದಾಗಿರಲಿಲ್ಲ. ಇಸವಿ ಇದೆ, ಹೆಸರಿಲ್ಲ ಎಂದರೆ ಹನ್ನೆರಡನೆಯ ದಿನ ಬರಲಿಲ್ಲ ಎಂದು ಅರ್ಥ. ಅವನಿಗೆ ಮೊದಲು ಬಂದದ್ದು ಸಿಟ್ಟು. ಊರೆಲ್ಲ ನಗುವಾಗ ಹೆತ್ತ ಮಗನಿಗಾದರೂ ಹೇಳಬಾರದಿತ್ತೇ ಈ ಮುದುಕ, ಎಂದು. ಅಂಗಡಿಗೆ ಮುಂಚೆಯೇ ಕದ ಹಾಕಿ ಮನೆಗೆ ಹೋದ.

ಎಂಟನೆಯ ದಿನ ಮಧ್ಯಾಹ್ನ ನಾರಾಯಣಪೇಟೆಯ ಬಸ್ಸಿನಿಂದ ರಾಧಾಬಾಯಿ ಇಳಿದರು. ವೆಂಕಟೇಶನ ತಾಯಿ, ಅರವತ್ತೆಂಟರ ವಿಧವೆ. ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ ಒಬ್ಬರೇ ಬಂದಿದ್ದರು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೇರವಾಗಿ ವಿಷಯಕ್ಕೇ ಬಂದರು.

‘ತಾಯಣ್ಣ, ಆ ಸಾಲಿನಾಗ ಹೆಸರು ಹಾಕಬ್ಯಾಡ.’

ಅಷ್ಟರಲ್ಲಿ ಒಳಗಿದ್ದ ತೊಟ್ಟಿಲಿನ ಹಲಗೆ ಕಣ್ಣಿಗೆ ಬಿತ್ತು. ತೆರೆದಿದ್ದ ನಾಲ್ಕು ಅಂಕಿಗಳನ್ನು ನೋಡಿ ಒಳಗೆ ಬಂದರು. ತಾಯಣ್ಣ ಮಣೆ ಹಾಕಿದ, ನೀರು ಕೊಟ್ಟ. ನೀರು ಮುಟ್ಟಲಿಲ್ಲ, ಕೂತರು. ಆಮೇಲೆ ತೋರುಬೆರಳನ್ನು ಅಂಕಿಗಳ ಗುಂಟ ನಿಧಾನವಾಗಿ ಎಳೆದರು.

ಅವರು ಹೇಳಿದ್ದು ಇಷ್ಟು. ಚಿಕ್ಕಂದಿನಲ್ಲೇ ತಂದೆತಾಯಿ ಹೋಗಿ ತವರಿಲ್ಲದ ಹುಡುಗಿ ಅವರು, ಚೊಚ್ಚಲ ಹೆರಿಗೆಯೂ ಗಂಡನ ಮನೆಯಲ್ಲೇ ಆಯಿತು. ಆಗ ಹದಿನೆಂಟು ವಯಸ್ಸು. ಹೆಣ್ಣುಮಗು. ಜಂಬಪ್ಪ ಬಂದು ಗೆರೆ ಎಳೆದು ಇಸವಿ ಕೆತ್ತಿಟ್ಟು ಹೋಗಿದ್ದ. ಹನ್ನೊಂದನೆಯ ದಿನ ಬೆಳಗಿನ ಜಾವ ಮಗು ಮೈ ಬಿಸಿಯಾಗಿ ಹೋಯಿತು. ಹೆಸರಿಲ್ಲದ ಕೂಸಿಗೆ ಶ್ರಾದ್ಧವಿಲ್ಲ, ತಿಥಿಯಿಲ್ಲ. ಮುಂದೆ ಹುಟ್ಟುವ ಮಕ್ಕಳ ಕಿವಿಗೆ ಇದು ಬೀಳಬಾರದು, ಯಾರೂ ಬಾಯಿ ಬಿಡಕೂಡದು ಎಂದು ಮಾವನವರು ಕಟ್ಟಪ್ಪಣೆ ಮಾಡಿದರು. ಹಲಗೆಯ ಮೇಲಿನ ಇಸವಿಯನ್ನು ರಂದ ಹೊಡೆದು, ಮರವನ್ನೇ ಕೆರೆದು ಅಳಿಸಲು ಜಂಬಪ್ಪನಿಗೆ ಹೇಳಿ ಕಳಿಸಿದರು. ಜಂಬಪ್ಪ ಹಿತ್ತಲಲ್ಲಿ ಕೂತು ಕೆಲಸ ಮಾಡಿದ. ಬಾಣಂತಿ ರಾಧಾಬಾಯಿ ಕೋಣೆಯ ಕಿಟಕಿಯಿಂದ ನೋಡುತ್ತಿದ್ದುದು ಅವನಿಗೆ ಗೊತ್ತಿತ್ತು. ಮುಗಿಸಿ ಏಳುವಾಗ ಕಿಟಕಿಯ ಕಡೆ ತಿರುಗದೆ, ನೆಲಕ್ಕೆ ಹೇಳುವವನಂತೆ ಒಂದು ಮಾತು ಹೇಳಿದ್ದ.

‘“ನಾ ಕೆತ್ತಿದ್ದು ನಾನ ಕೆರೆಯಾಂಗಿಲ್ಲವ್ವಾ. ಮುಚ್ಚೀನಿ. ಇದರ ಮ್ಯಾಲ ಯಾರೂ ಬರದಂಗ ನೋಡ್ಕೊಂತೀನಿ” ಅಂದ ನಿಮ್ಮಪ್ಪ,’ ಎಂದರು ರಾಧಾಬಾಯಿ. ‘ನೋಡ್ಕೊಂಡ. ಎಲ್ಲಾರೂ ನಕ್ಕರ ತಾನೂ ನಕ್ಕ. ನಾ ಒಳಗ ಕುಂತು ಕೇಳಿದೆ, ತಪ್ಪು ಅವಂದಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ.’

ಮಗುವನ್ನು ಹೂಳಿದ್ದ ಹಳ್ಳದ ದಂಡೆಯ ಮೇಲೆ ಈಗ ಗೊಬ್ಬರದ ಗೋದಾಮು ನಿಂತಿದೆ. ಫೋಟೋ ಇಲ್ಲ, ಜಾತಕ ಬರೆಸಿರಲಿಲ್ಲ. ನೋಡಿದವರೆಲ್ಲ ಸತ್ತರು. ಹೇಳಬೇಡ ಎಂದ ಮಾವನವರೂ ಸತ್ತು ಇಪ್ಪತ್ತೈದು ವರ್ಷವಾಯಿತು, ಆದರೆ ಹೇಳದಿರುವುದು ಅಭ್ಯಾಸವಾಗಿ ಬದುಕಿ ಉಳಿಯಿತು. ಮೊನ್ನೆ ವೆಂಕಟೇಶನಿಗೆ, ಹೆಸರನ್ನು ಕೆಳಗೆಲ್ಲಾದರೂ ಹಾಕಿಸೋ ಅಂದು ನೋಡಿದರು. ಅವನು ಯಾಕೆ ಅಂದ. ಯಾಕೆ ಎನ್ನುವುದಕ್ಕೆ ಉತ್ತರ ಹೇಳಬೇಕಾಗುತ್ತಿತ್ತು, ಸುಮ್ಮನಾದರು.

‘ಹನ್ನೊಂದು ದಿನ ಇದ್ಲು, ತಾಯಣ್ಣ. ಆಕಿ ಇದ್ಲು ಅನ್ನಾಕ ಭೂಮಿ ಮ್ಯಾಲ ಇದೊಂದ ಅದ. ಮುಚ್ಚಿದ್ದರೂ ಅದ ಅನ್ನೋದು ನನಗ ಗೊತ್ತಿತ್ತು. ತೊಟ್ಟಿಲು ತೂಗುವಾಗೆಲ್ಲ ಅಲ್ಲಿ ಕೈ ಇಡ್ತಿದ್ದೆ.’

ಗದ್ವಾಲದ ಕೆಲಸದ ವಿಷಯವೂ ತಮಗೆ ತಿಳಿದಿದೆ, ನಿನ್ನ ಹೊಟ್ಟೆಯ ಮೇಲೆ ಹೊಡೆಯಲು ಬಂದಿಲ್ಲ, ನಿನಗೆ ಹೇಗೆ ಸರಿಯೋ ಹಾಗೆ ಮಾಡು ಎಂದು ಹೇಳಿ ಎದ್ದರು. ತಾಯಣ್ಣ ಅವರನ್ನು ಬಸ್ಸಿನ ತನಕ ಕೊಡೆ ಹಿಡಿದು ಬಿಟ್ಟು ಬಂದ.

ಅವನ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು. ಕಾಲಕಡೆ ಹೆಸರು ಹಾಕುವಂತಿಲ್ಲ. ಹೊಸ ಹಲಗೆ ಬೇಡವೆಂದಾಗಿದೆ. ನಿಜ ಹೇಳೋಣವೆಂದರೆ ಅದು ಅವನ ಮನೆಯ ಮಾತಲ್ಲ. ಉಳಿದದ್ದು ಒಂದೇ ಜಾಗ. ‘ಅಭಿರಾಮ’ನ ಕೆಳಗೆ, ಅಂಚಿಗೆ ಅಜ್ಜ ಕೆತ್ತಿದ್ದ ಬಳ್ಳಿಗಿಂತ ಮೇಲೆ, ಒಂದು ಬೆರಳಗಲದ ಪಟ್ಟಿ. ಅಲ್ಲಿ ಕೆತ್ತಿದರೆ ಅಕ್ಷರ ಮಿಕ್ಕವುಗಳ ಅರ್ಧದಷ್ಟೂ ಆಗುವುದಿಲ್ಲ. ಹೆಸರು ಉದ್ದವಿದೆಯೋ ಗಿಡ್ಡವಿದೆಯೋ ಗೊತ್ತಿಲ್ಲ, ಒತ್ತಕ್ಷರ ಬಂದರೆ ಕೆಳಗೆ ಬಳ್ಳಿಯ ಮೇಲೆಯೇ ಬೀಳುತ್ತದೆ. ಮೇಲೆ ಒಂದು ಸಾಲು ಬಯಲಾಗಿ ಬಿದ್ದಿದ್ದು, ಕೆಳಗೆ ಮಗುವಿನ ಹೆಸರು ಸಂದಿಯಲ್ಲಿ ತುರುಕಿದಂತಿದ್ದರೆ ಕುರುಡನೂ ನಗುತ್ತಾನೆ. ಅದೂ ನರೇಂದ್ರರ ಮುಂದೆ.

ಎರಡು ದಿನ ಅವನು ಬೇರೆ ಕೆಲಸ ಮಾಡಿದ. ಮೂರನೆಯ ದಿನ ತಗಡಿನ ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟು, ಎಲ್ಲಕ್ಕಿಂತ ಸಣ್ಣ ಉಳಿ ತೆಗೆದುಕೊಂಡು, ಆ ಬೆರಳಗಲದ ಪಟ್ಟಿಯ ಬಲತುದಿಯಲ್ಲಿ ‘೨೦೨೪’ ಎಂದು ಕೆತ್ತಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಉಳಿಯ ಏಟೂ ಅದೇ ಪೈಕಿ. ಆಮೇಲೆ ಅರಗು ಕರಗಿಸಿ, ಮರದ ಪುಡಿ ಕಲಸಿ, ತಂದೆ ಮಾಡಿದ ಹಾಗೆಯೇ ೧೯೭೪ನ್ನು ಮುಚ್ಚಿದ. ಒಂದು ಕೂದಲೆಳೆಯಷ್ಟು ತಗ್ಗು ಬಿಟ್ಟು ಮುಚ್ಚಿದ. ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಹಳೆ ಪಂಚೆ ಸುತ್ತಿದ ತೊಟ್ಟಿಲನ್ನು ಆಟೋದಲ್ಲಿ ಹಾಕಿಕೊಂಡು ನಾರಾಯಣಪೇಟೆಗೆ ಹೋದ. ಹೆಂಗಸರು ಅದನ್ನು ಕೈಯಿಂದ ಕೈಗೆ ಒಳಗೆ ಒಯ್ದು, ಊರಿನದೇ ಕೆಂಪಂಚಿನ ಸೀರೆ ಹೊದಿಸಿ, ಮಲ್ಲಿಗೆ ಕಟ್ಟಿದರು. ಹಲಗೆ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕಿದರು, ಹಾಡು ಹೇಳಿದರು, ಕಿವಿಯಲ್ಲಿ ಹೆಸರು ಹೇಳಿದರು. ಸತ್ಯಭಾಮಾ. ಹೊರಗೆ ಜಗಲಿಯ ಮೇಲೆ ಕೂತಿದ್ದ ತಾಯಣ್ಣನಿಗೆ ಹೆಸರು ಕೇಳಿಸಿತು. ‘ತ್ಯ’ದ ಒತ್ತು ಎಲ್ಲಿ ಬೀಳುತ್ತದೆಂದು ಅವನಿಗೆ ಆಗಲೇ ಗೊತ್ತಾಯಿತು.

ಕೃಷ್ಣಪ್ರಿಯಾ ಮಗುವನ್ನು ಎತ್ತಿಕೊಂಡ ಮೇಲೆ ಅವನನ್ನು ಒಳಗೆ ಕರೆದರು. ಸೀರೆ ಸರಿಸಿದರು. ಮೊದಲ ಅಕ್ಷರ ನೋಡಲು ಎಲ್ಲರೂ ಸುತ್ತ ನಿಂತಿದ್ದರು, ಗದ್ವಾಲದ ನರೇಂದ್ರರಿಗೆ ಕುರ್ಚಿ ಹಾಕಿದ್ದರು. ರಾಧಾಬಾಯಿ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ತಾಯಣ್ಣ ಕಾಲು ಮಡಚಿ ಕೂತು, ಹಲಗೆಯ ಅಡಿ ಅಂಚಿಗೆ ಉಳಿ ಹಚ್ಚಿದ. ‘ಸ’ ಮುಗಿಯುವ ಹೊತ್ತಿಗೆ ವೆಂಕಟೇಶ ಬಗ್ಗಿ ನೋಡಿದ.

ಮೇಲಿನ ಸಾಲು ಬಿಟ್ಟು ಅಲ್ಲೇಕೆ ಕೂತಿರಿ ಎಂದು ಕೇಳಿದ. ತಾಯಣ್ಣ ಕೈ ನಿಲ್ಲಿಸದೆ, ಇಸವಿ ಕೆತ್ತುವಾಗ ಸಾಲು ತಪ್ಪಿತು, ಒಮ್ಮೆ ಬಿದ್ದ ಮೇಲೆ ಎಬ್ಬಿಸಲು ಬರುವುದಿಲ್ಲ ಎಂದ. ‘ತ್ಯ’ದ ಒತ್ತು ಬಳ್ಳಿಯ ಒಂದು ಎಲೆಯನ್ನು ಕತ್ತರಿಸಿಕೊಂಡು ಇಳಿಯಿತು. ಯಾರೋ ಕಿಸಕ್ಕೆಂದರು. ಯಾರೋ ಜಂಬಪ್ಪನ ಹೆಸರು ತೆಗೆದರು. ವೆಂಕಟೇಶನ ಮುಖ ಬೀಗರೆದುರು ಸಣ್ಣದಾಗಿತ್ತು, ನಾಲಿಗೆಯ ಹಿಡಿತ ತಪ್ಪಿತು.

‘ಏನ್ರಿ ತಾಯಣ್ಣ, ಬಾಯಿಬಿಟ್ಟು ಹೇಳಿದ್ದೆ ನಿಮಗ. ಅಪ್ಪ ಕೆಡಿಸಿದ್ದು ಸಾಲದಂತ ಮಗ ಬಂದು ಕೆಡಿಸಬೇಕೇನು?’

‘ಹೌದ್ರೀ, ತಪ್ಪೈತ್ರಿ,’ ಎಂದ ತಾಯಣ್ಣ.

ನರೇಂದ್ರರು ದೊಡ್ಡ ಮನುಷ್ಯರು, ದನಿ ಏರಿಸಲಿಲ್ಲ. ತಮ್ಮೂರಲ್ಲಿ ಅಕ್ಷರ ಕೆತ್ತುವ ಮಿಷಿನ್ ಬಂದಿದೆ, ಕಂಪ್ಯೂಟರಿನಲ್ಲಿ ಕೂಡಿಸಿದರೆ ಕೂದಲಷ್ಟೂ ವ್ಯತ್ಯಾಸ ಬರುವುದಿಲ್ಲ ಎಂದು ಪಕ್ಕದವರಿಗೆ ಹೇಳಿದರು. ತಾಯಣ್ಣನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು. ತಾಯಣ್ಣ ‘ಭಾ’ ಹಿಡಿದ. ಅವನ ಕಿವಿ ಕೆಂಪಾಗಿತ್ತು, ಕೈ ಮಾತ್ರ ಅಲುಗಲಿಲ್ಲ.

ರಾಧಾಬಾಯಿ ಗೋಡೆ ಹಿಡಿದು ಎದ್ದರು. ಐವತ್ತು ವರ್ಷದ ಹಿಂದೆ ಒಬ್ಬನ ಮೇಲೆ ಬಿದ್ದ ನಗೆಯನ್ನು ಒಳಗೆ ಕೂತು ಕೇಳಿದವರು ಅವರು. ಅದೇ ನಗೆ ಇವತ್ತು ಅವನ ಮಗನ ಮೇಲೆ ಬೀಳುವುದನ್ನೂ ಕೂತು ಕೇಳಲು ಅವರಿಂದಾಗಲಿಲ್ಲ. ತೊಟ್ಟಿಲ ಹತ್ತಿರ ಬಂದು ಖಾಲಿ ಸಾಲಿನ ಮೇಲೆ ಅಂಗೈ ಇಟ್ಟರು.

‘ವೆಂಕಟೇಶ, ತಾಯಣ್ಣನ್ನ ಅನಬ್ಯಾಡ. ಅವರಪ್ಪನ್ನೂ ಅನಬ್ಯಾಡ. ಇದು ಖಾಲಿ ಅಲ್ಲ. ಇಲ್ಲಿ ನಿಮ್ಮಕ್ಕ ಇದ್ದಾಳ.’

ಸೊಸೆ ಪ್ರಿಯಂವದಾ, ಶುಭದ ದಿನ ಇದೆಂಥ ಮಾತು ಎನ್ನುವಂತೆ ಹತ್ತಿರ ಬಂದು ತೋಳು ಹಿಡಿದಳು. ರಾಧಾಬಾಯಿ ತೋಳು ಬಿಡಿಸಿಕೊಳ್ಳಲಿಲ್ಲ, ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಿನಗಿಂತ ಎರಡು ವರ್ಷ ಮುಂಚೆ ಹುಟ್ಟಿದ್ದಳು, ಹನ್ನೊಂದು ದಿನ ಇದ್ದಳು, ಅಳಿಸು ಎಂದು ನಿಮ್ಮ ಅಜ್ಜ ಅಂದರೂ ಜಂಬಪ್ಪ ಅಳಿಸದೆ ಮುಚ್ಚಿಟ್ಟ, ಅಷ್ಟನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಕೃಷ್ಣಪ್ರಿಯಾ ಮಗುವನ್ನು ಎದೆಗೆ ಒತ್ತಿಕೊಂಡಳು. ಹಾಡು ಹೇಳಿದ ಮುದುಕಿಯರು ನೆಲ ನೋಡಿದರು. ವೆಂಕಟೇಶ ಕಚೇರಿಯಲ್ಲಿ ದಿನಕ್ಕೆ ನೂರು ಜನರನ್ನು ನೂರು ಪ್ರಶ್ನೆ ಕೇಳುವವನು. ಅವನಿಗೆ ಒಂದೇ ಪ್ರಶ್ನೆ ತೋಚಿತು.

‘ಏನು ಹೆಸರು, ಅವ್ವಾ?’

‘ಹೆಸರು ಮರುದಿನ ಇಡೋದಿತ್ತು.’

ವೆಂಕಟೇಶ ನೆಲದ ಮೇಲೆ, ತಾಯಣ್ಣನ ಪಕ್ಕದಲ್ಲಿ ಕೂತ. ಅದನ್ನು ತೆಗೆಯಿರಿ ಎಂದ. ತಾಯಣ್ಣ ಸಣ್ಣ ಉಳಿಯ ಮೊನೆಯಿಂದ ಅರಗನ್ನು ಎಬ್ಬಿಸಿದ. ಒಂದೊಂದೇ ಅಂಕಿ ಮೇಲೆ ಬಂತು. ವೆಂಕಟೇಶ ತನ್ನ ಹೆಸರಿನ ಮೇಲಿದ್ದ ಆ ನಾಲ್ಕು ಅಂಕಿಗಳನ್ನೂ, ಅದರ ಎಡಕ್ಕಿದ್ದ ಎರಡು ಬರಿ ಗೆರೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಅಲ್ಲಿ ಏನಾದರೂ ಕೆತ್ತಲೇ ಎಂದು ತಾಯಣ್ಣ ಕೇಳಿದ. ಮಗ ತಾಯಿಯ ಮುಖ ನೋಡಿದ. ರಾಧಾಬಾಯಿ ಬೇಡವೆಂದು ತಲೆಯಾಡಿಸಿದರು. ಈ ಸಲ ಅರಗನ್ನೂ ತುಂಬಲಿಲ್ಲ. ‘ಭಾಮಾ’ ಮುಗಿಸಿ ತಾಯಣ್ಣ ಕೈ ತೊಳೆದ. ಅವನ ಎಲೆಗೆ ರಾಧಾಬಾಯಿ ತಾವೇ ಬಂದು ಬಡಿಸಿದರು.

ಗದ್ವಾಲದಿಂದ ಕೆಲಸದ ಮಾತು ಬರಲಿಲ್ಲ. ನರೇಂದ್ರರ ಬಾಗಿಲುಗಳಿಗೆ ಮಿಷಿನ್ನಿನಲ್ಲೇ ಶ್ಲೋಕ ಕೂತವಂತೆ, ಸಾಲು ಬಹಳ ನೀಟಾಗಿವೆಯಂತೆ. ಮನೆಯ ಮಾತು ಮನೆಯಲ್ಲೇ ಉಳಿಯಿತು, ಹೊರಗೆ ಬಂದದ್ದು ಬೆರಳಗಲದಲ್ಲಿ ತುರುಕಿದ ಹೆಸರಿನ ಸುದ್ದಿಯಷ್ಟೆ. ಮರುವಾರ ಪಕ್ಕದ ಅಂಗಡಿಯ ಮಲ್ಲೇಶ ಬೀಡಿ ಹಚ್ಚಿಕೊಳ್ಳುತ್ತ, ಏನಣ್ಣಾ, ನೀನೂ ನಿಮ್ಮಪ್ಪನ ಸಾಲು ಹಿಡಿದೆಯಂತಲ್ಲ ಎಂದು ಕೇಳಿದ. ಅಂಗಡಿಯಲ್ಲಿದ್ದ ನಾಲ್ಕೂ ಜನ ತಾಯಣ್ಣನ ಕಡೆ ತಿರುಗಿದರು. ಅಳತೆಯ ವಿಷಯಕ್ಕೆ ಯಾರಾದರೂ ಮಾತೆತ್ತಿದರೆ ಅವನು ಜಗಳಕ್ಕೇ ನಿಲ್ಲುವವನೆಂದು ಎಲ್ಲರಿಗೂ ಗೊತ್ತಿತ್ತು.

ತಾಯಣ್ಣ ತಗಡಿನ ಪಟ್ಟಿಯನ್ನು ಹಲಗೆಯ ಮೇಲಿಟ್ಟು ಗೆರೆ ಎಳೆಯುತ್ತಿದ್ದ. ತಲೆ ಎತ್ತಿ ನಕ್ಕ.

‘ಹೌದಪಾ,’ ಎಂದ. ‘ಅವತ್ತು ಕಣ್ಣು ತಪ್ಪಿತು.’